ಗೆರೆಯಕ್ಕ ಅಂಚು ಬಿಡದ ದಿನ

ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತೇವೆ. ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಚಿತ್ರಗಳಲ್ಲಿ ಗಡ್ಡೆಯ ಸುತ್ತ ಮೌಸ್ ಹಿಡಿದು ಗೆರೆ ಎಳೆಯುವುದು ಅವಳ ಕೆಲಸ. ಗೆರೆಯೊಳಗಿನದನ್ನು ಅಳೆದು, ಈ ರೋಗಿ ಎರಡು ವರ್ಷ ಬದುಕುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಕಂಪ್ಯೂಟರ್ ಅಂಕ ಕೊಡುತ್ತದೆ. ಅದು ಬೇರೆ ಊರಿನ ರೋಗಿಗಳ ಚಿತ್ರ ನೋಡಿ ಕಲಿತು ಬಂದದ್ದು. ನಮ್ಮ ರೋಗಿಗಳಿಗೂ ಅದು ಸರಿಯಾಗಿ ಹೇಳುತ್ತದೆಯೇ ಎಂದು ಇಲ್ಲಿ ಪರೀಕ್ಷೆ ನಡೆದಿದೆ. ಜ್ಯೋತಿಷಿಯೂ ಇದನ್ನೇ ಹೇಳುತ್ತಾನೆ, ಅವನಿಗೆ ಎ.ಸಿ. ಕೋಣೆಯಿಲ್ಲ, ಅಷ್ಟೇ.

ಗೆರೆಯಕ್ಕ ದರ್ಜಿಯ ಮಗಳು. ಗುರುತಿನ ಆಚೆ ಒಂದಿಷ್ಟು ಅಂಚು ಬಿಟ್ಟೇ ಬಟ್ಟೆ ಕತ್ತರಿಸಬೇಕೆಂದು ಅಪ್ಪ ಕಲಿಸಿದ್ದರು. ಗಡ್ಡೆಗೂ ಅವಳು ಅದನ್ನೇ ಮಾಡಿದಳು. "ಕಮ್ಮಿ ಆದ್ರೆ ಕಷ್ಟ, ಜಾಸ್ತಿ ಇದ್ರೆ ನಷ್ಟ ಏನಿಲ್ಲ ಕಣೋ" ಎಂದಾಗ ಪಕ್ಕದ ಕುರ್ಚಿಯ ನಾನೂ ಹೂಂಗುಟ್ಟಿದ್ದೆ. ನನಗೇನು ಗೊತ್ತಿತ್ತು, ಮಣ್ಣು.

ಚಿತ್ರಗಳಿಗೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಮುನ್ನೂರ ಹನ್ನೆರಡನೆಯದನ್ನು ತೆರೆದವಳು ಮೌಸ್ ಬಿಟ್ಟು ಪರದೆಯತ್ತ ಬಾಗಿದಳು. ಎಡಗಡೆಯ ಎರಡು ಪಕ್ಕೆಲುಬು ಎಂದೋ ಮುರಿದು, ಕೂಡುವಾಗ ಒಂದಕ್ಕೊಂದು ಬೆಸೆದುಕೊಂಡಿದ್ದವು. ಹಿಂದೆ ಅವಳ ತಮ್ಮ ಸ್ಕೂಟರಿನಿಂದ ಬಿದ್ದು ಅವೇ ಎರಡು ಪಕ್ಕೆಲುಬು ಮುರಿದುಕೊಂಡಾಗ ಓಡಿಸುತ್ತಿದ್ದವಳು ಅವಳೇ. ಅವನಿಗೆ ಗಡ್ಡೆಯಿರುವುದು ಮನೆಯಲ್ಲಿ ಗೊತ್ತಿತ್ತು. ಚಿತ್ರ ಇಲ್ಲಿಗೇ ಬರುತ್ತದೆಂದು ಗೊತ್ತಿರಲಿಲ್ಲ.

ರೋಗಿಯ ಗುರುತು ಸಿಕ್ಕರೆ ಪರೀಕ್ಷೆ ನಡೆಸುವ ಡಾಕ್ಟರಮ್ಮನಿಗೆ ಹೇಳಬೇಕೆಂಬುದು ನಿಯಮ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅರ್ಧ ದಿನ ಕೂತು, ಕೂದಲೆಳೆಯಷ್ಟೂ ಅಂಚು ಬಿಡದೆ, ಗಡ್ಡೆಗೆ ಅಂಟಿಸಿದಂತೆ ಗೆರೆ ಎಳೆದಳು.

"ಮೋಸ ಮಾಡ್ದೆ ಕಣೋ. ಗಡ್ಡೆ ಚಿಕ್ಕದಾಗಿ ಕಂಡ್ರೆ ಅಂಕ ಜಾಸ್ತಿ ಬರುತ್ತೆ" ಎಂದಳು. ನಾನು ಯಾರಿಗೂ ಹೇಳಲಿಲ್ಲ. ಹೇಳುವಷ್ಟು ಒಳ್ಳೆಯವನು ನಾನಲ್ಲ.

ಮುಂದಿನ ವಾರ ಡಾಕ್ಟರಮ್ಮ ಬಂದರು. ಗೆರೆಗಳನ್ನೆಲ್ಲ ತಾವೇ ಪರಿಶೀಲಿಸಿದ್ದರು.

"ಎಲ್ಲಾ ಗೆರೆನೂ ಗಡ್ಡೆಯಿಂದ ಆಚೆ ಹೋಗಿದೆ. ಒಂದು ಮಾತ್ರ ಸರಿಯಾಗಿದೆ, ಮುನ್ನೂರ ಹನ್ನೆರಡು. ಮಿಕ್ಕಿದ್ದೆಲ್ಲಾ ಹೀಗೇ ಮತ್ತೆ ಎಳೀರಿ. ಅವರ ಅಂಕ ಸ್ವಲ್ಪ ಏರಬಹುದು."

"ಇವನದ್ದು?" ಎಂದಳು ಗೆರೆಯಕ್ಕ.

"ಇದು ಬದಲಾಗಲ್ಲ. ಗೆರೆ ಸರಿ ಇದೆಯಲ್ಲ. ನೂರಕ್ಕೆ ಮೂವತ್ತೊಂದು."

ಮೋಸದ ಗೆರೆಯಾಗಿದ್ದರೆ ಆ ಅಂಕವನ್ನು ಅವಳು ನಂಬದೆ ಇರಬಹುದಿತ್ತು.

"ನನ್ನ ತಮ್ಮ" ಎಂದಳು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ಮೆಷಿನ್ನು ತಪ್ಪೂ ಹೇಳುತ್ತದೆ ಎಂದರು. ನನಗೆ ಅಳು ಬಂತು. ಗೆರೆಯಕ್ಕ ಒಂದನೆಯ ಚಿತ್ರ ತೆರೆದು, ಯಾರದೋ ಗಡ್ಡೆಯನ್ನು ಚಿಕ್ಕದು ಮಾಡತೊಡಗಿದಳು.