ಅಖ್ತರ್ ಬೇಗಂ ಅಂಗಡಿಯ ಮೂರು ಗಾಲಿ

ನಾಡಿನ ಭಾಷಾ ಸಮಸ್ಯೆಗಳಲ್ಲೇ ಅತ್ಯಂತ ಗಂಭೀರವಾದದ್ದೊಂದು ಕಳೆದ ಗುರುವಾರ ದೊಡ್ಡಬಳ್ಳಾಪುರದ ಹಿಂದೂಪುರ ರಸ್ತೆಯಲ್ಲಿ ಜಾಕಿಯ ಮೇಲೆ ನಿಂತಿತ್ತು. ಸಮಸ್ಯೆಯ ಹೆಸರು ‘ಗಾಲಿ’. ಯಾವ ಸಮಿತಿಯೂ ಇನ್ನೂ ಇತ್ತ ಬಂದಿಲ್ಲ.

ಬೆಳಗಿನ ಐದು ಗಂಟೆ. ಪಂಕ್ಚರ್ ಅಂಗಡಿಯ ತಗಡಿನ ಶೆಡ್ಡಿನ ಮುಂದೆ ಅಖ್ತರ್ ಬೇಗಂ ಕುಕ್ಕರಗಾಲಲ್ಲಿ ಕೂತು, ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿದ್ದಾರೆ. ಹಿಂದಿನ ಬೀದಿಯಲ್ಲಿ ಮಗ್ಗಗಳು ಆಗಲೇ ಸದ್ದು ಶುರು ಮಾಡಿವೆ. ಗಂಡ ಅಫ್ಸರ್ ಬೆನ್ನುನೋವಿನಿಂದ ಹಾಸಿಗೆ ಹಿಡಿದ ಮೇಲೆ ಸ್ಪ್ಯಾನರ್ ಇವರ ಕೈಗೆ ಬಂದು ಹತ್ತೊಂಬತ್ತು ವರ್ಷ. ದಿನಕ್ಕೆ ಎಂಟು-ಹತ್ತು ಪಂಕ್ಚರ್. "ಮಂಡಿ ಎರಡೂ ಹೋಗಿದೆ. ಅದಕ್ಕೆ ಪ್ಯಾಚ್ ಹಾಕೋರು ಯಾರೂ ಸಿಕ್ಕಿಲ್ಲ," ಎನ್ನುತ್ತಾರೆ, ತಲೆಯೆತ್ತದೆ.

ಮನೆಮಾತು ದಖ್ಖನಿ ಉರ್ದು, ರಸ್ತೆಯ ಮಾತು ಕನ್ನಡ, ಗಿರಾಕಿಗಳಲ್ಲಿ ಅರ್ಧ ತೆಲುಗು. ಕನ್ನಡದಲ್ಲಿ ಗಾಲಿ ಎಂದರೆ ಚಕ್ರ. ತೆಲುಗಿನಲ್ಲಿ ಗಾಲಿ ಎಂದರೆ ನಮ್ಮ ಗಾಳಿಯೇ, ಳಕಾರವನ್ನು ಗಡಿಯಲ್ಲಿ ಇಳಿಸಿ ಬಂದದ್ದು. ದಖ್ಖನಿಯಲ್ಲಿ ಗಾಲಿ ಎಂದರೆ ಬೈಗುಳ. ಅದರ ಬೇರು ಸಂಸ್ಕೃತದಲ್ಲಿದೆ, ಬೈಯುವವರಿಗೆ ಅದು ಗೊತ್ತಿರಬೇಕೆಂದೇನೂ ಇಲ್ಲ. ಮೂರಕ್ಕೂ ನೆಂಟಸ್ತಿಕೆಯಿಲ್ಲ, ಹೆಸರು ಮಾತ್ರ ಒಂದೇ.

ಗಡಿಯಾಚೆಯಿಂದ ಬೆಂಗಳೂರಿನ ಮಾರುಕಟ್ಟೆಗೆ ಹುರುಳಿಕಾಯಿ ಒಯ್ಯುವ ಕೊಂಡಪ್ಪನ ನಾಲ್ಕು ಟೆಂಪೊಗಳು ನಿತ್ಯ ಇಲ್ಲೇ ನಿಲ್ಲುತ್ತವೆ. ಅಂಗಡಿಯ ಅರ್ಧ ಕೆಲಸ ಅವುಗಳದೇ. ಗುರುವಾರ ಹೊಸ ಡ್ರೈವರ್ ಭೀಮರಾಜ್, "ಅಮ್ಮಾ, ವೆನಕ ಗಾಲಿ ತೀಸೇಯ್," ಎಂದು ಹೇಳಿ ಟೀ ಕುಡಿಯಲು ಹೋದ. ಹಿಂದಿನ ಟೈರು ಬಿಗಿಯಾಗಿದೆ, ತುಸು ಗಾಳಿ ಇಳಿಸಿ ಎಂದು ಅವನ ಅರ್ಥ. ಅವನು ಬರುವಷ್ಟರಲ್ಲಿ ಹಿಂದಿನ ಚಕ್ರವೇ ಕೆಳಗಿತ್ತು, ನಟ್ಟುಗಳು ಡಬ್ಬಿಯಲ್ಲಿದ್ದವು.

"ತೆಲುಗು ನಂಗೆ ಬರಲ್ಲ ಅಂತಲ್ಲ. ಬೆಳಿಗ್ಗೆ ಐದಕ್ಕೆ ಕಿವಿಗೆ ಯಾವ ಭಾಷೆ ಅಂತ ಗೊತ್ತಾಗಲ್ಲ. ತೀಸೇಯ್ ಅಂದ, ತೆಗೆದ್ಬಿಟ್ಟೆ. ಆಮೇಲೆ ಅವ್ನು ಕೊಟ್ಟಿದ್ದು ನಮ್ಮನೆ ಗಾಲಿ."

ಬೈಗುಳ ಮುಗಿದು ಚಕ್ರ ಮತ್ತೆ ಕೂರುವಷ್ಟರಲ್ಲಿ ಮಾರುಕಟ್ಟೆಯ ಹರಾಜು ತಪ್ಪಿತು, ಕಾಯಿ ಬಾಡಿತು. ಇನ್ನು ತನ್ನ ಗಾಡಿಗಳು ಬೇರೆ ಕಡೆ ಹೋಗುತ್ತವೆಂದು ಕೊಂಡಪ್ಪ ಫೋನಿನಲ್ಲೇ ಹೇಳಿದ್ದ. ಶನಿವಾರ ಖುದ್ದಾಗಿ ಬಂದ. ಬೇಗಂ ಅವನನ್ನು ಕೂರಿಸಿ, ಕ್ಷಮೆ ಕೇಳದೆ ಒಂದೇ ಪ್ರಶ್ನೆ ಕೇಳಿದರು: "ಕೊಂಡಪ್ಪಣ್ಣ, ಹತ್ತೊಂಬತ್ತು ವರ್ಷದಲ್ಲಿ ನಾನು ಹಾಕಿದ ಒಂದು ನಟ್ ಸಡಿಲ ಆಗಿದ್ಯಾ?"

ಕೊಂಡಪ್ಪ ಬೆರಳು ಮಡಿಸಿ ವರ್ಷಗಳನ್ನು ಎಣಿಸಿದ. ಇಲ್ಲವೆಂದ. ಕೊನೆಗೆ ಇಬ್ಬರೂ ಒಂದು ಕಾನೂನು ಮಾಡಿಕೊಂಡರು: ಗಾಳಿಯಾದರೆ ಡ್ರೈವರ್ ಬಾಯಿಂದ ಊದಿ ತೋರಿಸಬೇಕು, ಚಕ್ರವಾದರೆ ಕೈಯಲ್ಲಿ ಸುತ್ತು ಬರೆಯಬೇಕು. ಮೂರನೆಯದಕ್ಕೆ ಸನ್ನೆ ಬೇಕಾಗಲಿಲ್ಲ.

ಏನಾದರೂ ಆಸೆಯಿದೆಯೇ ಎಂದರೆ ಬೇಗಂ ಮಂಡಿ ನೀವಿಕೊಳ್ಳುತ್ತಾರೆ. "ಎತ್ತರದ ಒಂದು ಸ್ಟೂಲ್. ಮತ್ತೆ ಆ ಭೀಮರಾಜು ಒಂದ್ಸಲ ಬಂದು ಊದ್ಲಿ."

ಸೋಮವಾರ ಅಂಗಡಿಯ ಮುಂದೆ ನಾಲ್ಕರಲ್ಲಿ ಮೂರು ಟೆಂಪೊ ನಿಂತವು; ಭೀಮರಾಜನದು ನಿಲ್ಲಲಿಲ್ಲ.