ಕೊಟ್ಟಿದ್ದೇನು, ಮುಟ್ಟಿದ್ಯಾರಿಗೆ?

ಎಪ್ಪತ್ತರ ದಶಕದಲ್ಲಿ ಸಿಂದಗಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅಕ್ಕೋರು, ಪಾಠಕ್ಕೆ ಮೊದಲು ರೊಟ್ಟಿ ಬಡಿಯಲು ಕೂತವರಂತೆ ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದರು. ಒಬ್ಬಳ ಕೈಗೆ ಡಸ್ಟರ್ ಕೊಟ್ಟು, ಅದನ್ನೇ ಇಂಗ್ಲಿಷಿನಲ್ಲಿ ಹಲಗೆಯ ಮೇಲೆ ಬರೆದು ಕೇಳುವರು: "ಕೊಟ್ಟಿದ್ದೇನು? ಮುಟ್ಟಿದ್ಯಾರಿಗೆ?" ಕೊಟ್ಟಿದ್ದು ಡೈರೆಕ್ಟ್ ಆಬ್ಜೆಕ್ಟ್, ಅದು ಯಾರಿಗೆ ಮುಟ್ಟಿತೋ ಅವರು ಇನ್‌ಡೈರೆಕ್ಟ್ ಆಬ್ಜೆಕ್ಟ್.

ತಪಾಸಣೆಗೆ ಬಂದ ಸಾಹೇಬರಿಗೆ ಇದು ಹಿಡಿಸಲಿಲ್ಲ.

"ಇಂಗ್ಲಿಷ್ ತಾಸಿನಾಗ ಕನ್ನಡ ಯಾಕ್ರೀ? ಇದನ್ನ ಬಂದ್ ಮಾಡ್ರಿ. ವಸ್ತು ಡೈರೆಕ್ಟ್, ಮನುಷ್ಯಾ ಇನ್‌ಡೈರೆಕ್ಟ್ ಅಂತ ಬಾಯಿಪಾಠ ಮಾಡಸ್ರಿ."

"ಹಂಗಾದ್ರ ಒಂದು ವಾಕ್ಯ ಬರೀಲೇನ್ರಿ ಸಾಹೇಬ್ರ?" ಎಂದ ಅಕ್ಕೋರು ಬರೆದರು: ದ ನರ್ಸ್ ಗೇವ್ ದ ಮದರ್ ದ ಬೇಬಿ.

ಅದರಲ್ಲಿ ವಸ್ತುವೇ ಇರಲಿಲ್ಲ, ಮೂವರೂ ಮನುಷ್ಯರೇ. ಸಾಹೇಬರು ಗಲ್ಲ ಕೆರೆದುಕೊಂಡರು. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿದ್ದ ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತೆ.

"ಕೊಟ್ಟಿದ್ದು ಕೂಸು, ಮುಟ್ಟಿದ್ದು ತಾಯಿಗೆ. ಕೂಸೇ ಡೈರೆಕ್ಟ್ ರೀ!"

ಸಾಹೇಬರು ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಜೋರಾಗಿ ನಕ್ಕರು. "ನಿಮ್ಮ ರೀತೀನ ಖರೆ ಐತ್ರಿ ಅಕ್ಕೋರ. ಹಿಂಗ ಕಲಸ್ರಿ."

ಅವರು ಹೋದ ಮೇಲೆ ಅಕ್ಕೋರು ನನ್ನ ಕೈ ಹಿಡಿದು ಕರೆತಂದು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಗಂಟೆ ಹೊಡೆಯುವವರೆಗೂ ನಾನು ಅಲ್ಲಿಂದ ಏಳಲಿಲ್ಲ.