ಬಣ್ಣದಡಿಯ ಕಬ್ಬಿಣ

ಈ ಪ್ರಸಂಗವನ್ನು ಮೊದಲು ಹೇಳಿದವರು ಮರದ ದಿಮ್ಮಿ ಹೇರುವ ನಾಟಾ ಲಾರಿ ಓಡಿಸುವ ಹೋಬರ್ಟ್ ಟ್ವೀಡಿ. ಹೇಳಿದ್ದು ಕಳೆದ ಅಕ್ಟೋಬರಿನಲ್ಲಿ, ಬೆಟ್ಟದ ರಸ್ತೆಗೆ ಮೊದಲ ಹಿಮ ಬಿದ್ದು ಲಾರಿಗಳೆಲ್ಲ ನಿಂತುಹೋದ ದಿನ, ಲಾಸ್ಟ್ ಮ್ಯೂಲ್ ಊರಿನ ಮಿರ್ನಾ ಅವರ ಹೋಟೆಲಿನಲ್ಲಿ. ಕಥೆ ಯಾರ ಬಗೆಗೋ ಆ ಆರ್ಡಿತ್ ಅವರೇ ಎದುರಿಗೆ ಕುಳಿತು, ಹೋಬರ್ಟ್ ಉತ್ಪ್ರೇಕ್ಷೆಗೆ ಇಳಿದಾಗಲೆಲ್ಲ ತಡೆದು ತಿದ್ದುತ್ತಿದ್ದರು. ಆದ್ದರಿಂದ ಇಲ್ಲಿರುವುದು ಹೋಬರ್ಟ್ ಹೇಳಿದ ಕಥೆ, ಆರ್ಡಿತ್ ಒಪ್ಪಿದಷ್ಟು.

ಆ ಹಿಮಕ್ಕೆ ಕೆಲವು ವಾರ ಮೊದಲಿನ ಒಂದು ಮುಂಜಾನೆ; ಬೆಳಕು ಹರಿಯಲು ಇನ್ನೂ ಹೊತ್ತಿದೆ. ಪೆಟ್ರೋಲ್ ಬಂಕಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೋಬರ್ಟ್ ಅವರ ಲಾರಿ ನಿಂತಿದೆ. ಬಾಗಿಲಿನ ಸಂದಿನಲ್ಲಿ ಸಿಕ್ಕಿ ಜಜ್ಜಿಹೋದ ಆಂಟೆನಾ ತಂತಿಯನ್ನು ಹೊರಗೆಳೆಯುತ್ತ, ಹಲ್ಲಿನ ನಡುವೆ ಟಾರ್ಚು ಕಚ್ಚಿಕೊಂಡು ಆಸನದ ಕೆಳಗೆ ತಲೆ ತೂರಿಸಿರುವವರು ಆರ್ಡಿತ್ ಕೋಲ್‌ಸ್ಟಾಡ್. ವಯಸ್ಸು ಎಪ್ಪತ್ತು ದಾಟಿದೆ. ಈ ಕಣಿವೆಯ ಲಾರಿ, ಪಿಕಪ್‌ಗಳಿಗೆ, ಗಾಡಿಯಿಂದ ಗಾಡಿಗೆ ಮಾತಾಡುವ ಸಿ.ಬಿ. ರೇಡಿಯೊ ಕೂರಿಸಿ, ಆಂಟೆನಾ ನಿಲ್ಲಿಸಿ, ಅರ್ಥಿಂಗ್ ಕೊಡುವವರು ಈಗ ಉಳಿದಿರುವುದು ಅವರೊಬ್ಬರೇ. ಲಾರಿಗಳು ಬೆಟ್ಟ ಹತ್ತುವ ಮೊದಲೇ ಕೆಲಸ ಮುಗಿಯಬೇಕಾದ್ದರಿಂದ ಅವರ ದಿನ ಶುರುವಾಗುವುದೇ ಕತ್ತಲಲ್ಲಿ.

"ಆ ಹಸಿರು ಪಿಕಪ್ಪಿನವನಿದಾನಲ್ಲ, ನಿನ್ನೆ ಏಳನೇ ಮೈಲಿ ತಿರುವಲ್ಲಿ ಎದುರಿಗೇ ಬಂದ," ಎಂದು ಹೋಬರ್ಟ್ ಹೊರಗಿನಿಂದ ದೂರು ಹೇಳುತ್ತಿದ್ದಾರೆ. "ರೇಡಿಯೊದಲ್ಲಿ ಒಂದು ಮಾತಿಲ್ಲ. ದಿಮ್ಮಿ ಹೇರ್ಕೊಂಡು ಬ್ರೇಕ್ ಒತ್ತಿ ಒತ್ತಿ ನನ್ನ ಮಂಡಿ ಇನ್ನೂ ನಡುಗ್ತಿದೆ ಕಣೇ, ಕೆಟಲ್."

"ನಿನ್ನ ಮಂಡಿ ನಡುಗೋಕೆ ಪಿಕಪ್ ಯಾಕೋ ಬೇಕು? ಮಿರ್ನಾ ಕಾಫಿ ಸಾಕು," ಎನ್ನುತ್ತಾರೆ ಕೆಟಲ್ ಎಂದು ಕರೆಸಿಕೊಂಡ ಆರ್ಡಿತ್, ಟಾರ್ಚು ಬಾಯಿಂದ ತೆಗೆದು.

"ತಮಾಷೆ ಅಲ್ಲ. ಜಂಭ ಅವನಿಗೆ. ನಮ್ಮಂಥೋರ ಹತ್ರ ಬಾಯಿ ಬಿಚ್ಚಬಾರದು ಅಂತ."

ಬೆಟ್ಟದ ರಸ್ತೆ ಒಂದೇ ಗಾಡಿಯ ಅಗಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಡುನಡುವೆ ಪಕ್ಕಕ್ಕೆ ಸರಿದು ನಿಲ್ಲಲು ಸ್ವಲ್ಪ ಜಾಗ. ಮೊಬೈಲು ಅಲ್ಲಿ ಸತ್ತ ವಸ್ತು. ಪ್ರತಿ ಮೈಲಿಗೊಂದು ಹಲಗೆ ನೆಟ್ಟಿದ್ದಾರೆ. ಹಲಗೆ ದಾಟಿದವರು ರೇಡಿಯೊದಲ್ಲಿ ಕೂಗಿ ಹೇಳಬೇಕು, ತಮ್ಮದು ಲೋಡೋ ಖಾಲಿಯೋ, ಎಷ್ಟನೇ ಮೈಲಿ, ಮೇಲಕ್ಕೋ ಕೆಳಕ್ಕೋ ಎಂದು. ಕೇಳಿದವರು "ಕೇಳಿಸ್ತು" ಎನ್ನಬೇಕು. ಖಾಲಿ ಗಾಡಿ ಪಕ್ಕಕ್ಕೆ ಸರಿದು ಲೋಡಿಗೆ ದಾರಿ ಬಿಡಬೇಕು. ಇಷ್ಟೇ ಕಟ್ಟಳೆ, ಯಾರೂ ಬರೆದಿಟ್ಟದ್ದಲ್ಲ. ಹೆಂಡತಿಯೊಡನೆ ಮಾತು ಬಿಟ್ಟವರೂ ಬೆಟ್ಟದ ರಸ್ತೆಯಲ್ಲಿ ಮೈಲಿ ಕೂಗುವುದನ್ನು ಬಿಡುವುದಿಲ್ಲ.

ಆರ್ಡಿತ್ ಈ ಕೆಲಸ ಕಲಿತದ್ದು ಗಂಡನ ದನಿಗಾಗಿ. ನೆಲ್ಸ್ ಕೋಲ್‌ಸ್ಟಾಡ್ ಕೂಡ ನಾಟಾ ಲಾರಿಯವರು. ಸಂಜೆ ಕೊನೆಯ ತಿರುವಿಗೆ ಬಂದಾಗ "ಕೆಟಲ್ ಇಡು" ಎಂದು ರೇಡಿಯೊದಲ್ಲಿ ಹೇಳುತ್ತಿದ್ದರು. ಅವರು ಅಂಗಳಕ್ಕೆ ಲಾರಿ ತರುವ ಹೊತ್ತಿಗೆ ನೀರು ಕುದಿಯುತ್ತಿತ್ತು. ಹಾಗೆ ಹುಟ್ಟಿದ ಅಡ್ಡಹೆಸರು ಇಂದಿಗೂ ಆರ್ಡಿತರ ಬೆನ್ನಿಗಿದೆ. ಒಂದು ಚಳಿಗಾಲ ನೆಲ್ಸ್ ಅವರ ರೇಡಿಯೊ ಕರಕರ ಎನ್ನತೊಡಗಿ, ಅರ್ಧ ಮಾತು ಬರುತ್ತಿತ್ತು, ಅರ್ಧ ನುಂಗಿಹೋಗುತ್ತಿತ್ತು. "ರಿಪೇರಿಯವನು ಬರ್ತೀನಿ ಬರ್ತೀನಿ ಅಂತ ತಿಂಗಳು ಮಾಡಿದ. ಈ ಮನುಷ್ಯ ಮನೆಗೆ ಬರ್ತಿದಾನೋ ಇಲ್ಲ ಎಲ್ಲೋ ಉರುಳಿಬಿದ್ದಿದಾನೋ ಅಂತ ದಿನಾ ಕಿಟಕಿ ಹತ್ರ ನಿಲ್ಲೋಕೆ ನನ್ನಿಂದ ಆಗ್ಲಿಲ್ಲ. ನಾನೇ ಸ್ಪ್ಯಾನರ್ ತಗೊಂಡೆ," ಎನ್ನುತ್ತಾರೆ.

ಆಗಿನ ಕಾಲವೇ ಬೇರೆ. ಕಣಿವೆಯ ಪ್ರತಿ ಅಡುಗೆಮನೆಯಲ್ಲೂ, ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲಿ, ಒಂದು ರೇಡಿಯೊ ಇರುತ್ತಿತ್ತು. ಹೆಂಗಸರು ಹಕಲ್‌ಬೆರಿ ಹಣ್ಣಿನ ಜಾಮ್ ಕಾಯಿಸುತ್ತಲೇ ಒಬ್ಬರಿಗೊಬ್ಬರು ಹದ ಹೇಳಿಕೊಳ್ಳುತ್ತಿದ್ದರು. ಕ್ರಿಸ್‌ಮಸ್ ಹಿಂದಿನ ಸಂಜೆ ಸಾಮಿಲ್ಲಿನ ಕಾವಲುಗಾರ ದನಿ ದಪ್ಪ ಮಾಡಿಕೊಂಡು ಸಾಂತಾ ಆಗುತ್ತಿದ್ದ. ಮಕ್ಕಳು ಮೈಕಿನ ಗುಂಡಿಯನ್ನು ಬಿಡದೆ ಒತ್ತಿಹಿಡಿದು ಅವನ ಮಾತೇ ಕೇಳಿಸದಂತೆ ಮಾಡುತ್ತಿದ್ದವು. ಯಾರ ಮನೆಯಲ್ಲಿ ಜಗಳ, ಯಾರ ಹಸು ಕರು ಹಾಕಿತು, ಎಲ್ಲವೂ ಎಲ್ಲರಿಗೂ ಗೊತ್ತು. ಸಾಮಿಲ್ ಸಣ್ಣದಾಯಿತು, ಮನೆಗಳು ಖಾಲಿಯಾದವು, ಅಡುಗೆಮನೆಗಳ ರೇಡಿಯೊಗಳು ಒಂದೊಂದಾಗಿ ಮೌನವಾದವು. ನೆಲ್ಸ್ ಒಂದು ವಸಂತದಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಆರ್ಡಿತರ ಅಡುಗೆಮನೆಯಲ್ಲಿ ಮಾತ್ರ ರೇಡಿಯೊದ ದೀಪ ಈಗಲೂ ಉರಿಯುತ್ತಿದೆ.

ಹೋಬರ್ಟ್ ಲಾರಿ ಹೊರಟು ಅದರ ಹಿಂಬದಿಯ ದೀಪ ಮರೆಯಾಗುವುದಕ್ಕೂ ಹಸಿರು ಪಿಕಪ್ ಶೆಡ್ಡಿನ ಮುಂದೆ ಬಂದು ನಿಲ್ಲುವುದಕ್ಕೂ ಸರಿಹೋಗುತ್ತದೆ. ಇಳಿದವರು ರಾಯ್ಸ್ ಪೆಟ್ಟಿಬೋನ್. ಒಂದು ಕಾಲದಲ್ಲಿ ಅವರೂ ಇಲ್ಲೇ ನಾಟಾ ಲಾರಿ ಓಡಿಸಿದವರು. ಸಾಮಿಲ್ಲಿನ ದೊಡ್ಡ ಮುಷ್ಕರದ ಚಳಿಗಾಲದಲ್ಲಿ, ಗೇಟಿನ ಮುಂದೆ ಬೆಂಕಿ ಹಾಕಿಕೊಂಡು ಕುಳಿತಿದ್ದ ಜೊತೆಗಾರರ ನಡುವೆ ಲೋಡು ನುಗ್ಗಿಸಿ ಒಳಗೆ ಹೋದವರು. ಆಮೇಲೆ ಊರು ಬಿಟ್ಟರು. ಹೆಂಡತಿ ಲೆನೋರ್ ತೀರಿಕೊಂಡ ಮೇಲೆ, ಈ ಬೇಸಿಗೆಯಲ್ಲಿ, ಒಂಬತ್ತನೇ ಮೈಲಿಯಲ್ಲಿರುವ ಆಕೆಯ ತವರಿನ ಮರದ ಮನೆಗೆ ವಾಪಸು ಬಂದಿದ್ದಾರೆ. ಅಲ್ಲಿಗೆ ಇರುವುದು ಬೆಟ್ಟದ ರಸ್ತೆಯೊಂದೇ.

"ಇದನ್ನ ಕಿತ್ತುಹಾಕು, ಆರ್ಡಿತ್," ಎನ್ನುತ್ತಾರೆ ರಾಯ್ಸ್, ರೇಡಿಯೊ ತೋರಿಸಿ.

"ಹಾಡು ಬರಲ್ವಾ?"

"ನಗಬೇಡ. ಮೊದಲನೇ ದಿನದಿಂದ ಪ್ರತಿ ಹಲಗೆಗೂ ಕೂಗ್ತಿದೀನಿ. ಒಬ್ಬನೇ ಒಬ್ಬ ಕೇಳಿಸ್ತು ಅನ್ನಲ್ಲ. ಅವರವರು ಮಾತಾಡ್ಕೊಳ್ಳೋದೆಲ್ಲ ನಂಗೆ ಸ್ಪಷ್ಟ ಕೇಳುತ್ತೆ. ನಾನು ಬಾಯಿ ಬಿಟ್ಟರೆ ಎಲ್ಲರೂ ಸತ್ತಂಗಿರ್ತಾರೆ. ನಿನ್ನೆ ಪಕ್ಕಕ್ಕೆ ಸರಿಯೋ ಜಾಗ ಸಿಗೋದರೊಳಗೆ ಟ್ವೀಡಿ ನನ್ನ ಮೇಲೇ ಲಾರಿ ತಂದ. ಮುಷ್ಕರ ಮರೆತಿಲ್ಲ ಇವರು. ಆಯ್ತು, ಮನೆ ಮಾರಿ ಹೋಗ್ತೀನಿ. ಹಿಮ ಬೀಳೋದರೊಳಗೆ ಹೋಗ್ತೀನಿ."

ಆರ್ಡಿತ್ ಪಿಕಪ್ಪಿನ ಹಿಂಭಾಗಕ್ಕೆ ಹೋಗುತ್ತಾರೆ. ಸಾಮಾನು ಹೇರುವ ತೊಟ್ಟಿಯ ಅಂಚಿಗೆ ಒಂದು ಕಬ್ಬಿಣದ ಹಿಡಿಕೆ, ಅದರ ಮೇಲೆ ಆಂಟೆನಾ. ನೆಟ್ಟಗೆ, ಚೆಂದಕ್ಕೆ ನಿಂತಿದೆ. ಅವರು ಹಿಡಿಕೆಯ ಅಂಚಿಗೆ ಉಗುರು ತೂರಿಸಿ ನೋಡುತ್ತಾರೆ. ಕಪ್ಪಗೆ ಏನೋ ಮೆತ್ತಗೆ ಸಿಗುತ್ತದೆ.

"ಇದೇನೋ?"

"ಟಯರ್ ಟ್ಯೂಬು. ಕತ್ತರಿಸಿ ಎರಡೂ ಕಡೆ ಇಟ್ಟೆ. ಬಣ್ಣಕ್ಕೆ ಗೀರು ಬೀಳಬಾರದಲ್ಲ."

ರೇಡಿಯೊಗಾಗಿ ಗಾಡಿಗೆ ಗೀರು ಬೀಳುವುದನ್ನು ಸಹಿಸದ ಗಂಡಸರನ್ನು ಆರ್ಡಿತ್ ಇಷ್ಟು ವರ್ಷ ನೋಡುತ್ತಲೇ ಬಂದಿದ್ದಾರೆ. ಆಂಟೆನಾ ಎಂದರೆ ಬರೀ ಆ ಕೋಲಲ್ಲ. ಗಾಡಿಯ ಕಬ್ಬಿಣದ ಮೈಯೇ ಅದರ ಇನ್ನರ್ಧ. ಹಿಡಿಕೆಯ ಕಬ್ಬಿಣ ಗಾಡಿಯ ಬರಿ ಕಬ್ಬಿಣವನ್ನು ಮುಟ್ಟದಿದ್ದರೆ, ಹತ್ತಿರದ ಗಟ್ಟಿ ದನಿಗಳೇನೋ ಒಳಗೆ ಬರುತ್ತವೆ. ಒಳಗಿನ ದನಿ ಹೊರಗೆ ಹೋಗುವುದಿಲ್ಲ. ಇದನ್ನು ಅವರು ರಾಯ್ಸ್‌ಗೆ ಹೇಳಿದ್ದು ಇನ್ನೂ ಚಿಕ್ಕದಾಗಿ: "ನೀನು ಬೇಸಿಗೆಯಿಂದ ನಿನ್ನ ಹತ್ರಾನೇ ಮಾತಾಡ್ಕೊಂಡು ಓಡಾಡ್ತಿದೀಯ ಕಣೋ ರಾಯ್ಸ್."

ರಾಯ್ಸ್ ನಂಬುವುದಿಲ್ಲ. ಆರ್ಡಿತ್ ಮೀಟರ್ ತಂದು ಆಂಟೆನಾ ತಂತಿಗೆ ಜೋಡಿಸಿ, ಮೈಕಿನ ಗುಂಡಿ ಒತ್ತಲು ಹೇಳುತ್ತಾರೆ. ಮುಳ್ಳು ಎಗರಿ ಕೆಂಪು ಭಾಗದ ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ದನಿ ಹೊರಗೆ ಹೋಗದೆ ತಿರುಗಿ ಬರುತ್ತಿದೆ ಎಂದು ಅದರ ಅರ್ಥ; ರಾಯ್ಸ್ ಗುಂಡಿ ಬಿಟ್ಟು ಮತ್ತೊಮ್ಮೆ ಒತ್ತಿ ನೋಡುತ್ತಾರೆ.

"ಬಣ್ಣ ಕೆರೀಬೇಕು," ಎನ್ನುತ್ತಾರೆ ಆರ್ಡಿತ್, ಅರ ಮತ್ತು ಉಪ್ಪುಕಾಗದ ತೆಗೆದು. "ಒಂದು ಕಾಸಿನಗಲ."

"ಬೇಡ."

"ಯಾಕೆ?"

"ಲೆನೋರ್ ಹೊಡೆದ ಬಣ್ಣ ಅದು. ಮನೆ ಹಿಂದೆ, ಮೂಗಿಗೆ ಬಟ್ಟೆ ಕಟ್ಕೊಂಡು. ಕಡೇ ವರ್ಷ. ಬಾಗಿಲ ಕೆಳಗೆ ಒಂದು ಕಡೆ ಸೋರಿದೆ, ನೋಡು. ಅದನ್ನೂ ನಾನು ಒರೆಸಿಲ್ಲ."

ಇಲ್ಲಿ ಹೋಬರ್ಟ್ ಹೇಳುವ ಪಾಠದಲ್ಲಿ ಆರ್ಡಿತ್ ಕಣ್ಣೀರಿಡುತ್ತಾರೆ. ಆರ್ಡಿತ್ ಅದನ್ನು ಒಪ್ಪುವುದಿಲ್ಲ. ತಾವು ಮಾಡಿದ್ದು ಬಗ್ಗಿ ಆ ಸೋರಿದ ಗುರುತನ್ನು ನೋಡಿದ್ದು, ಒಳ್ಳೆಯ ಹಸಿರು ಎಂದದ್ದು, ಆಮೇಲೆ ಅರವನ್ನು ರಾಯ್ಸ್ ಕೈಗೆ ಕೊಟ್ಟದ್ದು, ಇಷ್ಟೇ ಎನ್ನುತ್ತಾರೆ.

"ನೀನೇ ಕೆರಿ. ಹಿಡಿಕೆ ಮೇಲೆ ಕೂತರೆ ಯಾರಿಗೂ ಕಾಣಲ್ಲ."

"ಲೆನೋರ್‌ಗೆ ಗೊತ್ತಾಗುತ್ತೆ."

"ಗೊತ್ತಾದರೆ ಇಷ್ಟು ದಿನ ಯಾಕೆ ಕೆರೀಲಿಲ್ಲ ಅಂತ ಬೈತಾಳೆ. ಆ ರಸ್ತೇಲಿ ಹುಟ್ಟಿ ಬೆಳೆದೋಳು ಅವಳು. ಬಣ್ಣ ಉಳಿಸಿಕೊಂಡು ಪ್ರಪಾತಕ್ಕೆ ಹೋಗು ಅಂತಾಳಾ?"

ರಾಯ್ಸ್ ಕೆರೆಯತೊಡಗುತ್ತಾರೆ. ಮೊದಲು ಹಸಿರು ಪುಡಿ, ಅದರ ಕೆಳಗೆ ಹಳೆಯ ಬಿಳಿ, ಆಮೇಲೆ ಮಣ್ಣುಗೆಂಪು, ಕೊನೆಗೆ ಬೆಳ್ಳಗೆ ಹೊಳೆಯುವ ಕಬ್ಬಿಣ. ಅಷ್ಟರಲ್ಲಿ ಶೆಡ್ಡಿನ ಹೊರಗೆ ಬೆಳಕಾಗಿದೆ. ಎದುರು ಬೆಟ್ಟದ ಟ್ಯಾಮರಾಕ್ ಮರಗಳ ತುದಿ ಹಳದಿಗೆ ತಿರುಗಿರುವುದು ಕಾಣುತ್ತದೆ. ಆರ್ಡಿತ್ ಟ್ಯೂಬಿನ ತುಂಡುಗಳನ್ನು ಶೆಡ್ಡಿನ ಒಲೆಯ ಪಕ್ಕಕ್ಕೆಸೆದು, ಕೆರೆದ ಜಾಗದ ಮೇಲೆ ಹಲ್ಲಿನ ವಾಷರ್ ಇಟ್ಟು ಹಿಡಿಕೆಯನ್ನು ಬಿಗಿಯುತ್ತಾರೆ. ವಾಷರಿನ ಹಲ್ಲು ಕಬ್ಬಿಣವನ್ನು ಕಚ್ಚುವ ಸಣ್ಣ ಕಿರುಚು ಕೇಳಿಸಿದ ಮೇಲೆಯೇ ಅವರ ಕೈ ನಿಲ್ಲುವುದು.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪಿಕಪ್ಪಿನ ತೊಟ್ಟಿ ಅಡಿಯ ಚೌಕಟ್ಟಾದ ಚಾಸಿಯ ಮೇಲೆ ನೇರವಾಗಿ ಕೂರದೆ ನಡುವೆ ರಬ್ಬರ್ ಮೆತ್ತೆಗಳಿರುತ್ತವೆ, ಕಬ್ಬಿಣಕ್ಕೆ ಕಬ್ಬಿಣ ಮುಟ್ಟುವುದಿಲ್ಲ. ಆದ್ದರಿಂದ ಗಾಡಿಯ ಕೆಳಗೆ ತೂರಿ, ಹೆಣೆದ ತಾಮ್ರದ ಪಟ್ಟಿಯಿಂದ ತೊಟ್ಟಿಯನ್ನು ಚಾಸಿಗೂ, ಚಾಸಿಯನ್ನು ಮುಂದಿನ ಕ್ಯಾಬಿನ್ನಿಗೂ ಬಿಗಿದು, ಪ್ರತಿ ಬೋಲ್ಟಿನ ಕೆಳಗೂ ಬಣ್ಣ ಕೆರೆದು, ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರುತ್ತಾರೆ. ಗಾಡಿಯನ್ನು ಬಯಲಿಗೆ ತಂದು, ಬಾಗಿಲು ಮುಚ್ಚಿ, ಮತ್ತೆ ಮೀಟರ್ ನೋಡುತ್ತಾರೆ. ಆಂಟೆನಾದ ತುದಿಯ ತಿರುಪನ್ನು ಒಂದಿಷ್ಟು ಇಳಿಸಿ ಬಿಗಿಯುತ್ತಾರೆ. ಈ ಸಲ ಮುಳ್ಳು ಅರೆಮನಸ್ಸಿನಿಂದ ಎದ್ದು, ಕೆಂಪಿನ ಕಡೆ ಹೋಗದೆ ಎಡಬದಿಯಲ್ಲೇ ಮತ್ತೆ ಮಲಗುತ್ತದೆ.

"ನಡಿ, ನಾನೂ ಬರ್ತೀನಿ," ಎಂದು ಆರ್ಡಿತ್ ಪಕ್ಕದ ಆಸನಕ್ಕೆ ಹತ್ತುತ್ತಾರೆ.

ಎರಡು ಹಲಗೆ ಕೂಗದೆಯೇ ದಾಟಿಹೋಗಿ ಮೂರನೇ ಮೈಲಿಯ ಹಲಗೆ ಬರುತ್ತದೆ. ರಾಯ್ಸ್ ಮೈಕು ಹಿಡಿದವರು ಸುಮ್ಮನೆ ಹಿಡಿದೇ ಇದ್ದಾರೆ. ಆರ್ಡಿತ್ ಕಿಟಕಿಯಾಚೆ ನೋಡುತ್ತಾರೆ. ಕೊನೆಗೆ ರಾಯ್ಸ್ ಗುಂಡಿ ಒತ್ತುತ್ತಾರೆ. "ಖಾಲಿ ಪಿಕಪ್, ಮೂರನೇ ಮೈಲಿ, ಮೇಲಕ್ಕೆ."

ಏನೂ ಇಲ್ಲ. ಆಮೇಲೆ ಕರಕರ ಎಂದು ಒಂದು ದನಿ: "ಕೇಳಿಸ್ತು. ಲೋಡು, ಐದನೇ ಮೈಲಿ, ಕೆಳಕ್ಕೆ. ಯಾರಪ್ಪಾ ಅದು, ಹೊಸ ದನಿ?"

ಹೋಬರ್ಟ್ ದನಿ. ರಾಯ್ಸ್ ಆರ್ಡಿತ್ ಮುಖ ನೋಡುತ್ತಾರೆ. "ರಾಯ್ಸ್ ಪೆಟ್ಟಿಬೋನ್."

ರೇಡಿಯೊ ಮತ್ತೆ ಸುಮ್ಮನಾಗುತ್ತದೆ. ಈ ಮೌನ ತಂತಿಯದಲ್ಲ, ಮನುಷ್ಯನದು ಎಂಬುದು ಇಬ್ಬರಿಗೂ ಗೊತ್ತು. ಬಳಿಕ, "ನಾಲ್ಕರ ಹತ್ರ ಜಾಗ ಇದೆ. ಪಕ್ಕಕ್ಕೆ ನಿಲ್ಲಿಸು, ಬರ್ತಿದೀನಿ."

ಲಾರಿ ಇಳಿದು ಬಂದು ಪಿಕಪ್ಪಿನ ಪಕ್ಕದಲ್ಲಿ ಉಸ್ಸೆಂದು ನಿಲ್ಲುತ್ತದೆ. ಹೋಬರ್ಟ್ ಕಿಟಕಿಯಿಂದ ಬಗ್ಗುತ್ತಾರೆ. ಆರ್ಡಿತ್ ಎರಡೇ ಮಾತಿನಲ್ಲಿ ಟ್ಯೂಬಿನ ಸಂಗತಿ ಹೇಳುತ್ತಾರೆ.

"ಟಯರ್ ಟ್ಯೂಬಾ?" ಹೋಬರ್ಟ್ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. "ಇಷ್ಟು ವರ್ಷ ಲಾರಿ ಓಡಿಸಿದೋನು, ನಿಂಗೆ ಟ್ಯೂಬೇ ಸಿಕ್ತಾ?"

"ನೀವೆಲ್ಲ ಬೇಕಂತಲೇ ಸುಮ್ಮನಿದೀರಿ ಅಂದ್ಕೊಂಡೆ," ಎನ್ನುತ್ತಾರೆ ರಾಯ್ಸ್. "ಮುಷ್ಕರಕ್ಕೆ."

ಹೋಬರ್ಟ್ ಮುಖದ ನಗು ಇಳಿಯುತ್ತದೆ. "ಮುಷ್ಕರ ನಾನು ಮರೆತಿಲ್ಲ, ರಾಯ್ಸ್. ಆ ಚಳೀಲಿ ಗೇಟಿನ ಮುಂದೆ ಕೂತವನು ನಾನು. ಸಾಯೋವರೆಗೂ ಮರೆಯಲ್ಲ. ಆದ್ರೆ ರಸ್ತೆ ಮೇಲೆ ಕೂಗಿದೋನಿಗೆ ಉತ್ತರ ಕೊಡದೇ ಇರೋ ಜನ ನಾವಲ್ಲ. ಅಷ್ಟೂ ತಿಳೀಲಿಲ್ವಾ ನಿಂಗೆ?"

ಲಾರಿ ಮುಂದಕ್ಕೆ ಹೋಗುತ್ತದೆ. ಧೂಳು ಇಳಿಯುವವರೆಗೆ ಕಾದು ರಾಯ್ಸ್ ಗೇರು ಹಾಕುತ್ತಾರೆ. ನಾಲ್ಕನೇ ಹಲಗೆಗೆ ಯಾರೂ ಹೇಳದೆಯೇ ಕೂಗುತ್ತಾರೆ. ಮನೆ ಮಾರುವ ಮಾತನ್ನು ಅವರು ಮತ್ತೆ ಎತ್ತಿದ್ದನ್ನು ಆರ್ಡಿತ್ ಕೇಳಿಲ್ಲ.

ಹೋಬರ್ಟ್ ಇಷ್ಟು ಹೇಳಿ ಮುಗಿಸಿದಾಗ ಮಿರ್ನಾ ಹೋಟೆಲಿನ ಕಿಟಕಿಯ ಹೊರಗೆ ಹಿಮ ದಪ್ಪವಾಗಿ ಬೀಳತೊಡಗಿತ್ತು. ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಕಥೆಯ ರಾಯ್ಸ್ ಕೂಡ ಕುಳಿತಿದ್ದರು. ಟ್ಯೂಬಿನ ಭಾಗ ಬಂದಾಗ ಎಲ್ಲರೂ ಅವರ ಕಡೆ ತಿರುಗಿ ನಕ್ಕಿದ್ದರು. ಮುಷ್ಕರದ ಭಾಗ ಬಂದಾಗ ಯಾರೂ ತಿರುಗಿರಲಿಲ್ಲ. ಮೇಲಿನ ಮನೆಗೆ ಹೋಗಬೇಕಾದವರು ಅವರೇ ಆದ್ದರಿಂದ ಮೊದಲು ಎದ್ದು, ಎಲ್ಲರಿಗೂ ತಲೆಯಾಡಿಸಿ ಹೊರಟರು.

"ನಿಂಗೇನೂ ಬೇಡವೇನೇ, ಕೆಟಲ್?" ಎಂದರು ಮಿರ್ನಾ, ಬಟ್ಟಲು ಎತ್ತುತ್ತ. "ಊರಿಗೆಲ್ಲ ದನಿ ಕೊಟ್ಟೋಳು ನೀನು."

"ಸಂಜೆ ಬೆಟ್ಟ ಇಳಿದೋರು, ಇಳಿದೆ ಅಂತ ರೇಡಿಯೊದಲ್ಲಿ ಒಂದು ಮಾತು ಹೇಳಲಿ. ಹತ್ತಿದೋನು ಮನೆ ಮುಟ್ಟಿದೆ ಅನ್ನಲಿ," ಎಂದರು ಆರ್ಡಿತ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಅಡುಗೆಮನೆ ದೀಪ ಆರಿಸೋಕೆ ನಂಗಷ್ಟು ಸಾಕು."

ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು, ತಮ್ಮ ತಮ್ಮ ಗಾಡಿಗಳ ಗಾಜಿನ ಮೇಲಿನ ಹಿಮ ಒರೆಸಿ ಒಳಗೆ ಕುಳಿತರು. ಇಂಜಿನ್ನುಗಳು ಶುರುವಾದವು, ಆದರೆ ಯಾವ ಗಾಡಿಯೂ ಹೊರಡಲಿಲ್ಲ. ಆಗ ಎಲ್ಲ ರೇಡಿಯೊಗಳಲ್ಲೂ ಒಮ್ಮೆಗೇ ಆ ದನಿ ಬಂತು.

"ಖಾಲಿ ಪಿಕಪ್, ಒಂದನೇ ಮೈಲಿ, ಮೇಲಕ್ಕೆ."

ಅಂದು ಬೆಟ್ಟದ ರಸ್ತೆಯಲ್ಲಿ ಬೇರೊಂದು ಗಾಡಿ ಇರಲಿಲ್ಲ. ಯಾರೂ ದಾರಿ ಬಿಡಬೇಕಿರಲಿಲ್ಲ, ಯಾರೂ ಉತ್ತರ ಕೊಡಬೇಕಿರಲಿಲ್ಲ. ಹೋಬರ್ಟ್ ಮೊದಲು ಮೈಕು ಎತ್ತಿ, "ಕೇಳಿಸ್ತು, ರಾಯ್ಸ್," ಎಂದರು. ಅವರ ಪಕ್ಕದ ಗಾಡಿಯಿಂದ ಇನ್ನೊಂದು "ಕೇಳಿಸ್ತು" ಬಂತು, ಅದರಾಚೆಯಿಂದ ಮತ್ತೊಂದು. ಆಮೇಲೆ ಎಲ್ಲರೂ ಮನೆಗೆ ಹೋದರು.